ಹಸಿರು ಪಾಚಿಯ ಕಬ್ಬಿಣ, ತಾಮ್ರದ ಲೆಕ್ಕಾಚಾರ: ನನ್ನ ಅನುಭವ

ಕೊಡಗಿನಲ್ಲಿ ತಾಮ್ರವೆಂದರೆ ಮೊದಲು ನೆನಪಾಗುವುದು ಕರಿಮೆಣಸಿನ ಬಳ್ಳಿಗಳಿಗೆ ಸಿಂಪಡಿಸುವ ಶೇ. 1ರ ಬೋರ್ಡೋ ದ್ರಾವಣ: 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಶಿಲೀಂಧ್ರವನ್ನು ಕೊಲ್ಲುವ ಈ ಲೋಹವೇ ಅತ್ಯಲ್ಪ ಪ್ರಮಾಣದಲ್ಲಿ ಪಾಚಿಯ ಪೋಷಕಾಂಶವೂ ಹೌದು ಎಂದು ಪದವಿ ವಿದ್ಯಾರ್ಥಿಗಳಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಲದೆನಿಸಿ, ಮಡಿಕೇರಿಯಲ್ಲಿ ನಾನು ಪಾಠ ಮಾಡುವ ಕಾಲೇಜಿನ ಪ್ರಯೋಗಾಲಯದಲ್ಲಿ ಕ್ಲಮೈಡೊಮೊನಾಸ್ ಎಂಬ ಏಕಕೋಶೀಯ ಹಸಿರು ಪಾಚಿಯನ್ನು ಬೆಳೆಸತೊಡಗಿದೆ.

ಈ ಕೆಲಸದಲ್ಲಿ ಲೋಹವನ್ನು ಕೊಡುವುದಕ್ಕಿಂತ ಕೊಡದಿರುವುದೇ ಕಷ್ಟ. ಗಾಜಿಗೆ ಅಂಟಿಕೊಂಡ ಲವಲೇಶ ತಾಮ್ರವೂ ಫಲಿತಾಂಶವನ್ನು ಕೆಡಿಸುವುದರಿಂದ, ಫ್ಲಾಸ್ಕ್‌ಗಳನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ, ಅತಿಶುದ್ಧ ನೀರಿನಲ್ಲಿ ತೊಳೆಯುತ್ತೇನೆ. ಕೋಶಗಳು ತಮ್ಮೊಳಗೆ ಹೊತ್ತು ತಂದ ದಾಸ್ತಾನು ಕರಗುವವರೆಗೂ ಅವನ್ನು ಮತ್ತೆ ಮತ್ತೆ ಹೊಸ ಪೋಷಕ ದ್ರಾವಣಕ್ಕೆ ವರ್ಗಾಯಿಸಬೇಕು. ಪಾಚಿಗೆ ಬೇಕಾದ ಬೆಳಕಿಗೆ ಮಳೆಗಾಲದಲ್ಲಿ ಟ್ಯೂಬ್‌ಲೈಟೇ ಗತಿ.

ಕಬ್ಬಿಣದ ಕೊರತೆ ಕಣ್ಣಿಗೆ ಕಾಣುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೇನೂ ಬರವಿಲ್ಲ. ಆದರೆ ಗಾಳಿಯ ಸಂಪರ್ಕದಲ್ಲಿ ಅದು ಕರಗದ ಆಕ್ಸೈಡ್ ಆಗುವುದರಿಂದ ಪಾಚಿಗೆ ಸುಲಭವಾಗಿ ದಕ್ಕದು. ಆದ್ದರಿಂದಲೇ ದ್ರಾವಣದಲ್ಲಿ ಲೋಹವನ್ನು ಹಿಡಿದಿಡುವ ಇಡಿಟಿಎ ಎಂಬ ರಾಸಾಯನಿಕ ಬೆರೆಸಿ ಕಬ್ಬಿಣವನ್ನು ಕರಗಿದ ಸ್ಥಿತಿಯಲ್ಲಿ ಇಡುತ್ತೇವೆ. ಸಾಮಾನ್ಯವಾಗಿ ಕೊಡುವ 20 ಮೈಕ್ರೋಮೋಲಾರ್ ಪ್ರಮಾಣವನ್ನು ತೀರ ಕೆಳಗಿಳಿಸಿದಾಗ, ಕೋಶಕ್ಕೆ ಸಿದ್ಧ ಆಹಾರವಾಗುವ ಅಸಿಟೇಟ್ ಇದ್ದ ಫ್ಲಾಸ್ಕ್ ಹಳದಿಗೆ ತಿರುಗಿತು. ಅಸಿಟೇಟ್ ಇಲ್ಲದೆ ಬೆಳಕನ್ನೇ ನಂಬಿದ್ದ ಫ್ಲಾಸ್ಕ್ ನಿಧಾನವಾಗಿ ಬೆಳೆದರೂ ಹಸಿರಾಗಿಯೇ ಉಳಿಯಿತು. ಅಸಿಟೇಟ್ ಸಿಕ್ಕಾಗ ಕೋಶವು ಉಸಿರಾಟವನ್ನು ಉಳಿಸಿಕೊಂಡು, 12 ಕಬ್ಬಿಣದ ಪರಮಾಣುಗಳಿರುವ ಮೊದಲನೆಯ ದ್ಯುತಿವ್ಯವಸ್ಥೆಯನ್ನು, ಅಂದರೆ ದ್ಯುತಿಸಂಶ್ಲೇಷಣೆಯಲ್ಲಿ ಬೆಳಕನ್ನು ಬಳಸುವ ಪ್ರೋಟೀನುಗಳ ಒಂದು ಜೋಡಣೆಯನ್ನು, ಕಳಚುತ್ತದೆ. ಬೇರೆ ಆಹಾರವಿಲ್ಲದಿದ್ದರೆ ದ್ಯುತಿಸಂಶ್ಲೇಷಣೆಯನ್ನು ಬಿಟ್ಟುಕೊಡುವುದಿಲ್ಲ. ಇಷ್ಟು ಸೂಕ್ಷ್ಮ ಜೀವಿಯಲ್ಲಿ ಇಂಥ ಆದ್ಯತೆಯ ವಿವೇಚನೆ ಇರುವುದು ನನಗೆ ಇಂದಿಗೂ ಬೆರಗಿನ ವಿಷಯ.

ತಾಮ್ರವಿಲ್ಲದ ಫ್ಲಾಸ್ಕ್ ಮಾತ್ರ ಎಂದಿನಂತೆ ಹಸಿರಾಗಿತ್ತು. ವಿದ್ಯಾರ್ಥಿಗಳು ಪ್ರಯೋಗ ಕೈಕೊಟ್ಟಿತೆಂದು ಭಾವಿಸಿದರು. ನಿಜವಾದ ಪಾಠ ಇದ್ದದ್ದೇ ಅಲ್ಲಿ. ದ್ಯುತಿಸಂಶ್ಲೇಷಣೆಯಲ್ಲಿ ಇಲೆಕ್ಟ್ರಾನು ಸಾಗಿಸುವ ಪ್ಲಾಸ್ಟೋಸಯನಿನ್ ಎಂಬ ಪ್ರೋಟೀನಿಗೆ ತಾಮ್ರ ಬೇಕು. ತಾಮ್ರ ಸಿಗದಾಗ ಕ್ಲಮೈಡೊಮೊನಾಸ್ ಅದರ ಬದಲಿಗೆ ಕಬ್ಬಿಣವಿರುವ ಸೈಟೋಕ್ರೋಮ್ ಸಿ6 ತಯಾರಿಸಿಕೊಳ್ಳುತ್ತದೆ. ಈ ಎರಡು ಪ್ರೋಟೀನುಗಳ ಅದಲುಬದಲನ್ನು ಸಂಶೋಧಕ ಪಿ.ಎಂ. ವುಡ್ 1978ರಲ್ಲಿ ವರದಿ ಮಾಡಿದರು. ಈ ಬದಲಾವಣೆಯನ್ನೂ, ಹೊರಗಿನಿಂದ ತಾಮ್ರ ಸೆಳೆಯುವ ಸಾಗಣೆ ಪ್ರೋಟೀನುಗಳ ತಯಾರಿಯನ್ನೂ ಸಿಆರ್‌ಆರ್1 ಎಂಬ ಒಂದೇ ನಿಯಂತ್ರಕ ಪ್ರೋಟೀನು ನಡೆಸುತ್ತದೆ. ಉಳಿತಾಯವಾದ ತಾಮ್ರ ಉಸಿರಾಟದ ಕಿಣ್ವಕ್ಕೂ, ಕಬ್ಬಿಣವನ್ನು ಒಳಕ್ಕೆ ತರುವಲ್ಲಿ ನೆರವಾಗುವ ಫಾಕ್ಸ್1 ಕಿಣ್ವಕ್ಕೂ ದೊರೆಯುತ್ತದೆ. ಹಾಗಾಗಿ ಒಂದು ಲೋಹವನ್ನು ಬಿಟ್ಟು ಇನ್ನೊಂದನ್ನು ಪಾಠ ಮಾಡುವುದು ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಸತುವಿನ ಕೊರತೆಯಾದರೆ ಇದೇ ಪಾಚಿ ತಾಮ್ರವನ್ನು ಬೇಕಾದ್ದಕ್ಕಿಂತ ಹೆಚ್ಚು ಎಳೆದುಕೊಂಡು ಅಸಿಡೋಕ್ಯಾಲ್ಸಿಸೋಮ್ ಎಂಬ ಕೋಶಾಂಗಗಳಲ್ಲಿ ಕೂಡಿಡುತ್ತದೆ. ಅದನ್ನು ಬಣ್ಣ ನೋಡಿ ತಿಳಿಯಲಾಗದು. ಕೋಶಗಳನ್ನು ಆಮ್ಲದಲ್ಲಿ ಕರಗಿಸಿ ಲೋಹವನ್ನು ಅಳೆಯಬೇಕು. ಈ ವರ್ಷದ ವಿದ್ಯಾರ್ಥಿಗಳೊಂದಿಗೆ ಆ ಕೆಲಸವನ್ನೇ ಕೈಗೆತ್ತಿಕೊಂಡಿದ್ದೇನೆ.