ಕಸಿ ಮೆತ್ತಗಾಗಿದೆ ಅಂದುಕೊಂಡಿದ್ದೆ

ಕೀಲಿನೊಳಗೆ ಕಾರ್ಟಿಲೇಜ್ (ಮೂಳೆಯ ತುದಿಗೆ ಹೊದಿಸಿದಂತಿರುವ ನುಣುಪಾದ ಮೆದು ಪದರ) ಕಸಿ ಮಾಡಿದ ಮೇಲೆ ಆ ಜಾಗ ಎಷ್ಟು ಗಟ್ಟಿ ಉಳಿಯುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಹಂದಿಯ ಮಂಡಿಯಲ್ಲಿ ಭಾರ ಅಷ್ಟಾಗಿ ಬೀಳದ ಕಡೆಯಿಂದ 6 ಮಿ.ಮೀ. ಅಗಲದ ಬಿರಡೆಯೊಂದನ್ನು ಕೆಳಗಿನ ಮೂಳೆ ಸಮೇತ ಕೊರೆದು ತೆಗೆಯುತ್ತೇನೆ. ಭಾರ ಹೊರುವ ಕಡೆ ತೂತು ಮಾಡಿ ಅದನ್ನು ಕೂರಿಸುತ್ತೇನೆ. ಮನುಷ್ಯರಿಗೆ ಮಾಡುವ ಮೊಸಾಯಿಕ್‌ಪ್ಲಾಸ್ಟಿ ಎಂಬ ಶಸ್ತ್ರಚಿಕಿತ್ಸೆಯ ಉಪಾಯವೂ ಇದೇ.

ಮೊದಲ ಸಲ ಒತ್ತಿ ನೋಡಿದಾಗ ಬಿರಡೆ ಸುತ್ತಲಿನ ಕಾರ್ಟಿಲೇಜ್‌ಗಿಂತ ಅರ್ಧಕ್ಕರ್ಧ ಮೆತ್ತಗೆ ಕಂಡಿತು. ಕೂರಿಸುವಾಗ ಬಿದ್ದ ಸುತ್ತಿಗೆ ಏಟಿಗೆ ಹಾಳಾಗಿದೆ ಅಂತ ಬರೆದೂ ಇಟ್ಟೆ. ಆಮೇಲೆ ಫೋಟೊ ನೋಡಿದರೆ, ಒತ್ತುಮೊನೆ (ಅಳೆಯುವ ಯಂತ್ರದ ಒತ್ತುವ ತುದಿ) ಬಿರಡೆಯ ನಡುವೆ ಇರಲೇ ಇಲ್ಲ, ಅಂಚಿಗೆ ಸರಿದಿತ್ತು. ಮರುದಿನ ನಡುವೆ ಒತ್ತಿದೆ. ಕಸಿ ಮಾಡುವ ಮೊದಲು ಅದೇ ತುಂಡಿನಲ್ಲಿ ಸಿಕ್ಕಿದ್ದ ಸಂಖ್ಯೆಯ ಹತ್ತಿರಕ್ಕೇ ಬಂತು.

ಯಾಕೆ ಹೀಗೆ? ಕಾರ್ಟಿಲೇಜ್ ತೂಕದಲ್ಲಿ ಶೇ. 65ರಿಂದ 80 ನೀರೇ. ಥಟ್ಟನೆ ಒತ್ತಿದರೆ ಆ ನೀರಿಗೆ ಓಡಲು ದಾರಿ ಸಿಗುವುದಿಲ್ಲ, ಭಾರದ ಬಹುಪಾಲನ್ನು ಅದೇ ಹೊರುತ್ತದೆ. ಕೊಲಾಜನ್ ಎಂಬ ಪ್ರೋಟೀನ್ ನೂಲಿನ ಹೆಣಿಗೆ ಪಕ್ಕಕ್ಕೆ ಉಬ್ಬದಂತೆ ಹಿಡಿದಿರುತ್ತದೆ. ಕೊರೆದ ಅಂಚಿನಲ್ಲಿ ಆ ಹೆಣಿಗೆ ಕತ್ತರಿಸಿರುತ್ತದೆ, ನೀರು ಸೋರಲು ಬಾಗಿಲು ತೆರೆದಂತೆ. ಅಲ್ಲಿ ಒತ್ತಿದರೆ ಮೆತ್ತಗಿರದೆ ಇನ್ನೇನು, ಅಲ್ವಾ?

ಅಳೆಯುವುದಕ್ಕೆ ತಾಳ್ಮೆ ಬೇಕು. ಮಾದರಿ ಉಪ್ಪುನೀರಿನಲ್ಲಿ ಮುಳುಗಿರಬೇಕು, ಮೇಲ್ಮೈ ಒತ್ತುಮೊನೆಗೆ ನೇರವಾಗಿ ನಿಂತಿರಬೇಕು. ನಾನು 0.02 ನ್ಯೂಟನ್‌ನಲ್ಲಿ ಮುಟ್ಟಿಸಿ, ಅಂದಾಜು ದಪ್ಪದ ಶೇ. 10ರಷ್ಟು ಒತ್ತಿ, ಸುಮ್ನೆ ಕಾಯುತ್ತೇನೆ. ಬಲ ಮೊದಲು ಸರ್ರನೆ ಇಳಿಯುತ್ತದೆ, ಆಮೇಲೆ ಬಸವನಹುಳುವಿನ ನಡಿಗೆ. ಬಲದ ಗೆರೆ ಮಟ್ಟವಾಗಲು ಅರ್ಧ ಗಂಟೆಯೂ ಬೇಕಾದೀತು. ಅವಸರ ಮಾಡಿದರೆ ಕಾರ್ಟಿಲೇಜ್ ಇರುವುದಕ್ಕಿಂತ ಗಟ್ಟಿ ಅನ್ನಿಸುತ್ತದೆ. ಕೊನೆಗೆ ಮೊನೆ ತೆಗೆದು ಸೂಜಿ ಹಾಕಿ ಅದೇ ಜಾಗದಲ್ಲಿ ಚುಚ್ಚುತ್ತೇನೆ. ಮೇಲ್ಮೈ ಮುಟ್ಟಿದಾಗ ಬಲ ಒಮ್ಮೆ ಏರುತ್ತದೆ, ಮೂಳೆ ತಾಗಿದಾಗ ಇನ್ನೊಮ್ಮೆ. ನಡುವಿನ ದೂರವೇ ದಪ್ಪ. ಇದು ತಪ್ಪಾದರೆ ಲೆಕ್ಕವೆಲ್ಲ ತಪ್ಪು, ಏಕೆಂದರೆ ತೆಳು ಪದರದಡಿಯ ಮೂಳೆ ಕಾರ್ಟಿಲೇಜನ್ನೇ ಗಟ್ಟಿಯಾಗಿ ತೋರಿಸುತ್ತದೆ.

ಎತ್ತರದ ಮಾತು ಬೇರೆಯೇ. ಬಿರಡೆ 1 ಮಿ.ಮೀ. ಮೇಲೆದ್ದರೂ ಎದುರಿನ ಮೂಳೆಯ ಒತ್ತಡ ಅದರ ಮೇಲೇ ಹೆಚ್ಚಾಗಿ ಬೀಳುತ್ತದೆ. ಹಾಗಂತ ಮಟ್ಟ ಮಾಡಲು ಜೋರಾಗಿ ಬಡಿದರೆ ಮೇಲ್ಪದರದ ಜೀವಕೋಶಗಳು ಸಾಯುತ್ತವೆ. ಅದಕ್ಕೇ ತೂತಿನ ಆಳವನ್ನು ಮೊದಲೇ ಅಳೆದು, ಸಣ್ಣ ಸಣ್ಣ ಏಟು ಕೊಡುತ್ತೇನೆ. ಮಟ್ಟವಾಯಿತೇ ಅಂತ ಉಗುರು ಎಳೆದು ನೋಡಿದರೆ ಗೊತ್ತಾಗುತ್ತದೆ.

ಜೀವಂತ ಕೀಲಿನಲ್ಲಿ ಕೆಳಗಿನ ಮೂಳೆ ಮೂಳೆಗೆ ಬೆಸೆಯುತ್ತದೆ. ಕಾರ್ಟಿಲೇಜ್ ಮಾತ್ರ ಪಕ್ಕದ ಕಾರ್ಟಿಲೇಜ್‌ಗೆ ಅಷ್ಟು ಸುಲಭಕ್ಕೆ ಅಂಟುವುದಿಲ್ಲ, ಆ ಸೀಳು ಬಹುಕಾಲ ಉಳಿಯುತ್ತದೆ. ಹಾಗಾಗಿ ಈಗ ಪ್ರತಿ ಬಿರಡೆಗೂ ಮೂರು ಕಡೆ ಒತ್ತುತ್ತೇನೆ: ನಟ್ಟನಡುವೆ, ಅಂಚಿನಿಂದ 1 ಮಿ.ಮೀ. ಒಳಗೆ, 1 ಮಿ.ಮೀ. ಹೊರಗೆ. ಮೂರನ್ನೂ ಬೇರೆ ಬೇರೆಯಾಗಿಯೇ ಬರೆಯುತ್ತೇನೆ, ಸರಾಸರಿ ತೆಗೆಯುವುದಿಲ್ಲ.