ಉಪ್ಪಿನಕಾಯಿ ಮಾರೋರು ಮೊದಲು ನೋಡಬೇಕಾದ್ದು ಮುಚ್ಚಳ

ಮನೆಯಲ್ಲೇ ಉಪ್ಪಿನಕಾಯಿ, ತುಪ್ಪ, ಚಟ್ನಿಪುಡಿ ಮಾಡಿ ಮಾರುವವರು ಈಗ ಊರೂರಲ್ಲೂ ಇದ್ದಾರೆ. ಶಿರಸಿ, ಸಾಗರದ ಕಡೆಯ ಅಪ್ಪೆಮಿಡಿ ಬೆಂಗಳೂರಿನ ಫ್ಲ್ಯಾಟಿನ ಬಾಗಿಲಿಗೇ ಬರುತ್ತದೆ, ಕೊಡಗಿನ ಜೇನೂ ಬರುತ್ತದೆ. ರುಚಿ ಬಗ್ಗೆ ಯಾರೂ ತಕರಾರು ತೆಗೆಯುವುದಿಲ್ಲ. ಫೋನ್ ಬರುವುದು ಬೇರೆ ವಿಷಯಕ್ಕೆ: "ಅಕ್ಕಾ, ಬಾಕ್ಸೆಲ್ಲ ಎಣ್ಣೆ ಆಗಿದೆ", "ಮುಚ್ಚಳಕ್ಕೆ ತುಕ್ಕು ಹಿಡಿದಿದೆ, ತಿನ್ನಬಹುದಾ?"

ಬಾಟಲಿ ಆರಿಸುವಾಗ ನಾವೆಲ್ಲ ಮೊದಲು ಅಂದ ನೋಡುತ್ತೇವೆ. ಮಡಕೆ ಆಕಾರದ್ದು, ಆರು ಮೂಲೆಯದ್ದು, ಚಿನ್ನದ ಬಣ್ಣದ ಮುಚ್ಚಳದ್ದು. ಅದನ್ನು ಕೊನೆಗೆ ನೋಡಿದರೂ ನಡೆಯುತ್ತದೆ. ಒಳಗೆ ಏನು ಹಾಕುತ್ತೀರಿ, ಬಾಯಿ ಎಷ್ಟು ಅಗಲ ಬೇಕು, ಮುಚ್ಚಳ ಎಂಥದ್ದು, ಈ ಸಾಲಿನಲ್ಲಿ ಯೋಚಿಸಿದರೆ ಅರ್ಧ ತಲೆನೋವು ಅಂಗಡಿಯಲ್ಲೇ ಕಳೆಯುತ್ತದೆ.

ಒಳಗೆ ಹೋಗುವುದು ಏನು?

ಇಡೀ ಮಿಡಿ ಹಾಕುವವರಿಗೆ ಅಗಲ ಬಾಯಿಯ ಜಾರೇ ಬೇಕು. ಮಿಡಿ ಒಳಗೆ ಹೋದರೆ ಸಾಲದು, ಊಟಕ್ಕೆ ಕೂತವರ ಚಮಚವೂ ಹೋಗಬೇಕು, ಮಿಡಿಯ ಜೊತೆ ಹೊರಗೂ ಬರಬೇಕು ಅಲ್ವಾ. 63 ಅಥವಾ 70 ಮಿಲಿಮೀಟರ್ ಬಾಯಿ ಇದಕ್ಕೆ ಸರಿ. ಜೇನಿಗೂ ಚಮಚ ಇಳಿಯುವಷ್ಟು ಬಾಯಿ ಸಾಕು. ಗಾಣದ ಎಣ್ಣೆಗೆ ಉಲ್ಟಾ: ಬಾಯಿ ಸಣ್ಣಗಿದ್ದಷ್ಟೂ ಸುರಿಯುವುದು ಸಲೀಸು, ಗಾಳಿ ತಾಗುವುದೂ ಕಡಿಮೆ. ತುಪ್ಪ ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ. ಸಣ್ಣ ಬಾಯಿಯ ಸೀಸೆಯಲ್ಲಿ ತುಪ್ಪ ಕೊಟ್ಟರೆ ಡಿಸೆಂಬರ್‌ನಲ್ಲಿ ಬೈಸಿಕೊಳ್ಳುತ್ತೀರಿ.

ಬಣ್ಣದ ಗಾಜು ಬೇಕಾ? ಎಣ್ಣೆಗೆ ಬೇಕು. ಕಂದು ಗಾಜು, ಅಂಗಡಿಯವರ ಮಾತಿನಲ್ಲಿ ಆಂಬರ್, ಬಿಸಿಲಿನ ನೇರಳಾತೀತ ಕಿರಣವನ್ನು ಬಹುಪಾಲು ತಡೆಯುತ್ತದೆ, ಎಣ್ಣೆ ಬೇಗ ಕಮಟುವುದಿಲ್ಲ. ಹಸಿರು ಗಾಜು ಅಷ್ಟು ತಡೆಯುವುದಿಲ್ಲ, ನೋಡಲು ಚಂದ ಅಷ್ಟೇ. ಉಪ್ಪಿನಕಾಯಿಯನ್ನು ಕಂದು ಜಾರಿನಲ್ಲಿ ಹಾಕಿದರೆ ಅದರ ಕೆಂಪೇ ಕಾಣುವುದಿಲ್ಲ, ಯಾರು ಕೊಳ್ಳುತ್ತಾರೆ? ಅದಕ್ಕೆ ಬಿಳಿ ಗಾಜೇ ಇರಲಿ, ಬಿಸಿಲಿಗೆ ಇಡಬೇಡಿ ಎಂದು ಅಂಗಡಿಯವರಿಗೂ ಗಿರಾಕಿಗೂ ಹೇಳಿ.

ಇನ್ನು ಹಳೆ ಬಾಟಲಿ. ಹಾರ್ಲಿಕ್ಸ್ ಬಾಟಲಿಯಲ್ಲಿ ಉಪ್ಪಿನಕಾಯಿ ಹಾಕಿಟ್ಟುಕೊಳ್ಳದ ಮನೆ ಕರ್ನಾಟಕದಲ್ಲಿ ಇದೆಯೋ ಇಲ್ಲವೋ! ಮನೆಗೆ ಸರಿ, ಮಾರುವುದಕ್ಕೆ ಬೇಡ. ಹಳೆ ಮುಚ್ಚಳದ ಒಳ ಅಂಚಿನ ಮೆತ್ತಗಿನ ಉಂಗುರ, ಅಂದರೆ ಲೈನರ್‌ನಲ್ಲಿ ಹಿಂದಿನ ವಾಸನೆ ಕೂತಿರುತ್ತದೆ, ಬಿಗಿಯೂ ಹೋಗಿರುತ್ತದೆ.

ಎಷ್ಟು ಹಿಡಿಯುತ್ತದೆ?

ಇಲ್ಲಿ ಎಡವುವವರು ತುಂಬಾ ಜನ. ಅಂಗಡಿಯವರು ಜಾರಿನ ಅಳತೆ ಹೇಳುವುದು ಮಿಲಿಲೀಟರ್‌ನಲ್ಲಿ. ನೀವು ಮಾರುವುದು ಗ್ರಾಂನಲ್ಲಿ. ಎರಡೂ ಒಂದೇ ಅಲ್ಲ. ಜೇನು ನೀರಿಗಿಂತ ಭಾರ, ಒಂದು ಮಿಲಿಲೀಟರ್ ಸುಮಾರು 1.4 ಗ್ರಾಂ ತೂಗುತ್ತದೆ, ಹಾಗಾಗಿ ಅರ್ಧ ಕೆಜಿ ಜೇನು 350 ಮಿಲಿಲೀಟರ್ ಚಿಲ್ಲರೆ ಜಾಗದಲ್ಲಿ ಕೂರುತ್ತದೆ. 500ರ ಜಾರಿನಲ್ಲಿ ಅರ್ಧ ಕೆಜಿ ಜೇನು ಹಾಕಿ ಕೊಟ್ಟರೆ ಗಿರಾಕಿಗೆ ಕಾಣುವುದು ಮೇಲಿನ ಖಾಲಿ ಜಾಗ. ತೂಕ ಸರಿಯಿದ್ದರೂ ಮೋಸ ಅಂದುಕೊಳ್ಳುತ್ತಾರೆ. ತುಪ್ಪ ನೀರಿಗಿಂತ ಹಗುರ. 500 ಮಿಲಿಲೀಟರ್ ತುಪ್ಪ ಸುಮಾರು 455 ಗ್ರಾಂ. ಚಟ್ನಿಪುಡಿಯದ್ದು ಹೇಳುವುದೇ ಕಷ್ಟ, ಎಷ್ಟು ನುಣ್ಣಗೆ ಬೀಸಿದ್ದೀರಿ, ತುಂಬುವಾಗ ಎಷ್ಟು ಕುಟ್ಟಿದ್ದೀರಿ ಎನ್ನುವುದರ ಮೇಲೆ ಹೋಗುತ್ತದೆ.

ಅದಕ್ಕೇ ಮಾದರಿಗೆ ಒಂದೆರಡು ಜಾರ್ ತಂದು ಅಡುಗೆಮನೆ ತಕ್ಕಡಿಯಲ್ಲಿ ಇಟ್ಟು ನೋಡಿ. ಖಾಲಿ ಜಾರ್ ಇಟ್ಟು ಸೊನ್ನೆ ಮಾಡಿ. ಕಂಠದ ತನಕ ನೀರು ತುಂಬಿ. ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟೇ ಮಿಲಿಲೀಟರ್. ಆಮೇಲೆ ಒರೆಸಿ ಒಣಗಿಸಿ ನಿಮ್ಮ ಸರಕನ್ನೇ ತುಂಬಿ ತೂಗಿ. ಕಂಠದ ತನಕ ಅಂದೆ, ಅಂಚಿನ ತನಕ ಅಲ್ಲ. ಕೆಲವರು ಅಂಚಿನ ತನಕದ ಅಳತೆಯನ್ನೇ ಹೇಳಿ ಮಾರುತ್ತಾರೆ. ಮೇಲೆ ಸ್ವಲ್ಪ ಜಾಗ ಬಿಡಲೇಬೇಕು, ಇಲ್ಲದಿದ್ದರೆ ಬೇಸಿಗೆಯಲ್ಲಿ ಎಣ್ಣೆ ಹಿಗ್ಗಿ ಮುಚ್ಚಳದ ಸಂದಿಗೆ ಬರುತ್ತದೆ.

ಜಾರಿನಲ್ಲಿ 320 ಗ್ರಾಂ ಹಿಡಿಯಿತು ಅಂದುಕೊಳ್ಳಿ, 300ಕ್ಕೆ ಇಳಿಸಬೇಕೆಂದೇನೂ ಇಲ್ಲ. ಕೆಲವು ಪದಾರ್ಥಗಳನ್ನು ಇಂತಿಷ್ಟೇ ತೂಕದಲ್ಲಿ ಮಾರಬೇಕು ಅನ್ನುವ ಹಳೆಯ ಪಟ್ಟಿಯನ್ನು ಕಾನೂನಿನಿಂದ ತೆಗೆದಾಗಿದೆ. ಬದಲಿಗೆ ಒಂದು ಗ್ರಾಂಗೆ ಎಷ್ಟು ಬೆಲೆ ಎಂದು ಲೇಬಲ್ ಮೇಲೆ ಹಾಕಬೇಕು.

ಮುಚ್ಚಳ, ಮುಚ್ಚಳ, ಮುಚ್ಚಳ

ಆಹಾರದ ಜಾರುಗಳಲ್ಲಿ ಜಾಸ್ತಿ ಕಾಣುವುದು ಸುಮಾರು ಕಾಲು ಸುತ್ತು ತಿರುಗಿಸಿದರೆ ಬಿಗಿಯುವ ತಗಡಿನ ಮುಚ್ಚಳ. ಲಗ್ ಕ್ಯಾಪ್ ಅನ್ನುತ್ತಾರೆ. ಒಂದನ್ನು ತಿರುಗಿಸಿ ಒಳಗೆ ನೋಡಿ. ಅಂಚಿನ ಸುತ್ತ ಮೆತ್ತಗಿನ ಒಂದು ಉಂಗುರ ಇರುತ್ತದೆ. ಅದೇ ಲೈನರ್. ಬಾಯಿಯ ಗಾಜು ಅದರೊಳಗೆ ಅದುಮಿ ಕೂತಾಗ ಸೀಲ್ ಆಗುತ್ತದೆ. ಉಗುರಿನಿಂದ ಒತ್ತಿ ನೋಡಿ, ಕುಗ್ಗಿ ಮತ್ತೆ ಮೇಲೆ ಬರಬೇಕು. ಎಲ್ಲಾದರೂ ತೆಳ್ಳಗಿದ್ದರೆ, ಬಿರುಕಿದ್ದರೆ ಆ ಲಾಟನ್ನೇ ಬಿಡಿ.

ಉಪ್ಪಿನಕಾಯಿಯವರಿಗೆ ಇಲ್ಲಿ ಮೂರು ಕಾಟ ಒಟ್ಟಿಗೇ: ಉಪ್ಪು, ಹುಳಿ, ಎಣ್ಣೆ. ಉಪ್ಪು ಮತ್ತು ಹುಳಿ ತಗಡನ್ನು ತಿನ್ನುತ್ತವೆ, ಎಣ್ಣೆ ಲೈನರನ್ನು ಮೆತ್ತಗೆ ಮಾಡುತ್ತದೆ. ಮುಚ್ಚಳದ ಒಳಗಿನ ಬಣ್ಣದಲ್ಲಿ ಒಂದು ಗೀರು ಇದ್ದರೂ ತುಕ್ಕು ಅಲ್ಲಿಂದಲೇ ಶುರು. ಕೊಳ್ಳುವಾಗ ಸುಮ್ನೆ "63ರ ಮುಚ್ಚಳ ಕೊಡಿ" ಅನ್ನಬೇಡಿ, "ಎಣ್ಣೆ ಹಾಕಿದ ಉಪ್ಪಿನಕಾಯಿಗೆ ಬೇಕು, ಅದಕ್ಕೆ ಆಗುವ ಲೈನರ್ ಕೊಡಿ" ಎಂದು ಬಿಡಿಸಿ ಹೇಳಿ. ಜಾಮಿನ ಮುಚ್ಚಳ ಬೇರೆ, ಉಪ್ಪಿನಕಾಯಿಯದ್ದು ಬೇರೆ, ಹೊರಗಿಂದ ಎರಡೂ ಒಂದೇ ತರಹ. ಗೊತ್ತಿಲ್ಲ ಅನ್ನುವ ಅಂಗಡಿಯವನ ಹತ್ತಿರ ಕೊಳ್ಳದಿರುವುದೇ ಒಳ್ಳೆಯದು. ಪ್ಲಾಸ್ಟಿಕ್ ಮುಚ್ಚಳಕ್ಕೆ ತುಕ್ಕಿನ ಭಯ ಇಲ್ಲ, ಆದರೆ ಒಳಗೆ ಬರೀ ಫೋಮ್ ಬಿಲ್ಲೆ ಇದ್ದರೆ ಎಣ್ಣೆ ಅದರ ಸುತ್ತ ನುಸುಳುತ್ತದೆ. ಕಾರ್ಕ್ ಮುಚ್ಚಳ, ತಂತಿ ಕ್ಲಿಪ್ಪಿನ ಮುಚ್ಚಳ ಫೋಟೊಗೆ ಚೆಂದ. ಕೊರಿಯರಿಗೆ ಅಲ್ಲ.

ಪೆಟ್ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕುವ ಫಾಯಿಲ್ ಸೀಲನ್ನು ಗಾಜಿಗೂ ಹಾಕೋಣ ಎಂದು ಕೆಲವರು ಯಂತ್ರ ತರಿಸುತ್ತಾರೆ. ಮಾಮೂಲಿ ಫಾಯಿಲ್ ಗಾಜಿಗೆ ಸರಿಯಾಗಿ ಅಂಟುವುದಿಲ್ಲ, ಗಾಜಿಗೆಂದೇ ಬೇರೆ ಫಾಯಿಲ್ ಬೇಕು. ಯಾರೂ ಮಧ್ಯೆ ತೆರೆದಿಲ್ಲ ಎಂದು ತೋರಿಸಲು ಬಿಸಿಗಾಳಿ ಹಿಡಿದರೆ ಕುಗ್ಗುವ ಪ್ಲಾಸ್ಟಿಕ್ ಪಟ್ಟಿ ಸಾಕು.

ಈಗ ಪರೀಕ್ಷೆ. ನೀರು ಹಾಕಿ ನೋಡಿದರೆ ಸಾಲದು, ನೀರು ನಿಲ್ಲುವ ಸಂದಿಯಲ್ಲೂ ಎಣ್ಣೆ ಜಾರುತ್ತದೆ. ಜಾರಿಗೆ ನಿಮ್ಮ ಒಗ್ಗರಣೆ ಎಣ್ಣೆಯನ್ನೇ ತಣಿಸಿ ಹಾಕಿ, ಮುಚ್ಚಿ, ಬಾಯಿ ಹೊರಗೆ ಚೆನ್ನಾಗಿ ಒರೆಸಿ, ಹಳೆ ಪೇಪರ್ ಮೇಲೆ ತಲೆಕೆಳಗಾಗಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಪೇಪರ್ ಎತ್ತಿ ಬೆಳಕಿಗೆ ಹಿಡಿಯಿರಿ. ಬಳೆಯಂತೆ ಗುಂಡಗೆ ಎಣ್ಣೆ ಗುರುತು ಬಿದ್ದಿದ್ದರೆ ಮುಚ್ಚಳದ ಸುತ್ತಲೂ ಬಿಗಿ ಸಾಲದು. ಒಂದೇ ಕಡೆ ಮಚ್ಚೆ ಇದ್ದರೆ ಆ ಜಾಗದಲ್ಲಿ ಗಾಜಿನ ಅಂಚು ಚಕ್ಕೆ ಹೋಗಿರಬಹುದು, ಬೇರೆ ಜಾರ್ ತೆಗೆದುಕೊಂಡು ಮತ್ತೆ ನೋಡಿ. ಒಂದೇ ಜಾರಿಗೆ ಮಾಡಿ ತೃಪ್ತಿ ಪಡಬೇಡಿ, ಬಾಕ್ಸಿನ ಬೇರೆ ಬೇರೆ ಮೂಲೆಯಿಂದ ಐದಾರು ತೆಗೆಯಿರಿ.

ತೊಳೆಯೋದು, ಬಿಸಿ ತುಂಬೋದು

ಹೊಸ ಜಾರ್ ಅಂದರೆ ಸ್ವಚ್ಛ ಜಾರ್ ಅಲ್ಲ. ರಟ್ಟಿನ ಧೂಳು, ಕೆಲವು ಸಲ ಗಾಜಿನ ಚೂರು ಕೂಡ ಇರುತ್ತದೆ. ಸೋಪು ನೀರಲ್ಲಿ ತೊಳೆದು, ಕುದಿನೀರಲ್ಲಿ ಅದ್ದಿ, ಪೂರ್ತಿ ಒಣಗಿಸಿ. ಪೂರ್ತಿ ಅಂದರೆ ಪೂರ್ತಿ. ಉಪ್ಪಿನಕಾಯಿಗೆ ನೀರಿನ ಪಸೆ ತಾಗಿದರೆ ಏನಾಗುತ್ತದೆಂದು ನಮ್ಮ ಅಜ್ಜಿಯಂದಿರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಜೇನಿನಲ್ಲೂ ಅಷ್ಟೇ, ನೀರಿನಂಶ ಶೇಕಡಾ 20ರ ಒಳಗೆ ಇರಬೇಕೆಂಬ ನಿಯಮವಿದೆ, ಜಾಸ್ತಿಯಾದರೆ ಹುಳಿ ಬರುತ್ತದೆ. ಜಾರನ್ನು ಓವನ್‌ನಲ್ಲಿ ಒಣಗಿಸಬಹುದು, ಮುಚ್ಚಳವನ್ನು ಮಾತ್ರ ಅದರೊಳಗೆ ಇಡಬೇಡಿ, ಲೈನರ್ ಹಾಳಾಗುತ್ತದೆ.

ಜಾಮ್, ಸಾಸ್ ಬಿಸಿಬಿಸಿ ತುಂಬುವವರು ಇದನ್ನು ಗಮನಿಸಿ. ಈ ಜಾರುಗಳೆಲ್ಲ ಮಾಮೂಲಿ ಸೋಡಾ ಗಾಜು, ಪ್ರಯೋಗಶಾಲೆಯಲ್ಲಿ ಬಳಸುವ, ಬಿಸಿ ತಡೆಯುವ ಬೋರೋಸಿಲಿಕೇಟ್ ಗಾಜಲ್ಲ. ಗಾಜಿಗೂ ಒಳಗೆ ಸುರಿಯುವುದಕ್ಕೂ 40 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಬಿರಿಯಬಹುದು. 85 ಡಿಗ್ರಿಯ ಜಾಮ್, 25 ಡಿಗ್ರಿಯ ಜಾರ್, ಲೆಕ್ಕ ನೀವೇ ಹಾಕಿ. ಜಾರನ್ನೂ ಬಿಸಿ ಮಾಡಿಟ್ಟುಕೊಳ್ಳಿ. ತುಂಬಿದ ಮೇಲೆ ಒದ್ದೆ ಗ್ರಾನೈಟ್ ಕಟ್ಟೆ ಮೇಲೆ ಇಡಬೇಡಿ, ಮಣೆ ಅಥವಾ ಮಡಚಿದ ಬಟ್ಟೆ ಇರಲಿ. ಬಿಸಿಯಲ್ಲೇ ಮುಚ್ಚಿದರೆ ಆರಿದಾಗ ಒಳಗೆ ನಿರ್ವಾತವಾಗಿ ಮುಚ್ಚಳದ ನಡುವಿನ ಗುಂಡಿ ಟಕ್ ಎಂದು ಒಳಗೆ ಹೋಗುತ್ತದೆ. ಹೋಗದ ಜಾರನ್ನು ಮಾರಾಟಕ್ಕೆ ಇಡಬೇಡಿ.

ಆಕಾರ, ಲೇಬಲ್, ಕೊರಿಯರ್

ನೇರ ಗೋಡೆಯ ಗುಂಡು ಜಾರಿಗೆ ನನ್ನ ಓಟು. ಗಟ್ಟಿ, ತೊಳೆಯಲು ಸುಲಭ, ಲೇಬಲ್ ಸುಕ್ಕಾಗುವುದಿಲ್ಲ. ಮಡಕೆ ಆಕಾರದ ಮೇಲೆ ಅಗಲ ಲೇಬಲ್ ಅಂಟಿಸಲು ಹೋಗಿ ನೋಡಿ, ಗೊತ್ತಾಗುತ್ತದೆ. ಆರು ಮೂಲೆಯದ್ದರಲ್ಲಿ ಒಂದೊಂದು ಮುಖವೂ ಕಿರಿದು. ಪದಾರ್ಥಗಳ ಪಟ್ಟಿ, ತೂಕ, ಬೆಲೆ, ತಯಾರಿಸಿದ ದಿನ, ಬ್ಯಾಚ್, ಹಸಿರು ಚುಕ್ಕೆ, ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇಷ್ಟನ್ನೂ ಓದುವ ಹಾಗೆ ಎಲ್ಲಿ ಹಾಕುತ್ತೀರಿ? ಎಣ್ಣೆ ಇರುವ ಸರಕಿಗೆ ಕಾಗದದ ಲೇಬಲ್ ಬೇಡ, ಪ್ಲಾಸ್ಟಿಕ್ ಹಾಳೆಯದ್ದು ಮಾಡಿಸಿ.

ಕೊರಿಯರಿನವರು ಸಾಮಾನ್ಯವಾಗಿ ಅರ್ಧರ್ಧ ಕೆಜಿ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಾರೆ. 500 ಗ್ರಾಂ ಉಪ್ಪಿನಕಾಯಿ, 240 ಗ್ರಾಂ ಜಾರ್, ಮುಚ್ಚಳ, ಬಾಕ್ಸ್, ಬಬಲ್ ಸುತ್ತಿದ್ದು ಎಲ್ಲ ಸೇರಿ 900 ಗ್ರಾಂ ಆದರೆ ಒಂದು ಕೆಜಿಯ ದರ, ಸರಿ. ಅದೇ ದಪ್ಪ ತಳದ ಶೋಕಿ ಜಾರ್ ತೆಗೆದುಕೊಂಡು 1,020 ಗ್ರಾಂ ಆಯಿತೋ, ಒಂದೂವರೆ ಕೆಜಿಯ ದರ. 20 ಗ್ರಾಂ ಗಾಜಿಗೆ! ಬಾಕ್ಸ್ ದೊಡ್ಡದಾದರೆ ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸಿ ಬಂದದ್ದನ್ನೇ ತೂಕ ಅನ್ನುವವರೂ ಇದ್ದಾರೆ. ಮೊದಲ ಜಾರ್ ಆರಿಸುವಾಗಲೇ ಬಾಕ್ಸಿನ ಸಮೇತ ತೂಗಿ ನೋಡಿ. ಎರಡು ಜಾರ್ ಒಂದೇ ಬಾಕ್ಸಿನಲ್ಲಿ ಹೋದರೆ ನಡುವೆ ರಟ್ಟು ಇರಲೇಬೇಕು, ಗಾಜು ಒಡೆಯುವುದು ಜಾಸ್ತಿ ಗಾಜಿಗೆ ಗಾಜು ತಾಗಿಯೇ.

ಕೊನೆಗೆ ಕೊಳ್ಳುವುದು. ಸಗಟಿನಲ್ಲಿ ತೆಗೆದುಕೊಳ್ಳುವಾಗ ಜಾರಿನ ಲೆಕ್ಕಕ್ಕಿಂತ ಒಂದಿಷ್ಟು ಮುಚ್ಚಳ ಜಾಸ್ತಿ ಕೇಳಿ, ಬಗ್ಗಿದ್ದು, ಗೀರಿದ್ದು ಇದ್ದೇ ಇರುತ್ತದೆ. ಜಾರಿನ ತಳದಲ್ಲಿ ಅಚ್ಚಿನ ಗುರುತು, ನಂಬರ್ ಇರುತ್ತದೆ, ಫೋಟೊ ತೆಗೆದಿಟ್ಟುಕೊಳ್ಳಿ. ಒಂದು ಜಾರನ್ನು ಮುಚ್ಚಳ ಸಮೇತ ಮಾರದೆ ಕಪಾಟಿನಲ್ಲಿ ಇಟ್ಟುಬಿಡಿ. ಮುಂದಿನ ಲೋಡ್ ಬಂದಾಗ ಹೊಸ ಮುಚ್ಚಳವನ್ನು ಹಳೆ ಜಾರಿಗೆ, ಹಳೆ ಮುಚ್ಚಳವನ್ನು ಹೊಸ ಜಾರಿಗೆ ತಿರುಗಿಸಿ ನೋಡಿ, ಸಡಿಲ ಅನ್ನಿಸಿದರೆ ಗಾಡಿ ಹೋಗುವ ಮುಂಚೆಯೇ ವಾಪಸ್ ಕೊಡಿ.