ದೊಡ್ಡವರಿಗೂ ಚಿತ್ರಪುಸ್ತಕ: ಡೊಂಬಿವಲಿಯಲ್ಲಿ ನಾನು ಮಾಡಿದ್ದು

"ಚಿತ್ರದ ಪುಸ್ತಕ ನೋಡಾಕ ದೊಡ್ಡವರು ಯಾರ್ ಬರ್ತಾರ್ರೀ?" ಎಂದು ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ನಕ್ಕಿದ್ದರು. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮಕ್ಕಳು, ದೊಡ್ಡವರು ಕೂಡಿ ಚಿತ್ರಪುಸ್ತಕ ನೋಡುವ ಕೂಟ ನಾನು ನಡೆಸುತ್ತೇನೆ. ಕಳೆದ ಭಾನುವಾರ ಅಲ್ಲಿ ಆ ಸೆಕ್ರೆಟರಿಯೇ ಮೊಮ್ಮಗಳ ಪಕ್ಕ ಚಾಪೆ ಮೇಲೆ ಕೂತಿದ್ದರು. ಅದಕ್ಕೇ ಈ ಬರಹ.

ಮೊದಲು ನಾನೂ ಎಲ್ಲರ ಹಾಗೆ ಜೋರಾಗಿ ಓದುತ್ತಾ ನಡುನಡುವೆ ಪುಟ ತಿರುಗಿಸಿ ತೋರಿಸುತ್ತಿದ್ದೆ. ಮಕ್ಕಳು ನನ್ನ ಬಾಯಿ ನೋಡಿದರು, ಅಪ್ಪ ಅಮ್ಮಂದಿರು ಮೊಬೈಲ್ ನೋಡಿದರು. ಆಮೇಲೆ ಸುಮಾರು ಎಂಟು ಸಾವಿರ ಕೊಟ್ಟು ಪ್ರೊಜೆಕ್ಟರ್ ತಂದೆ. ಗೋಡೆ ಮೇಲೆ ಬಣ್ಣವೆಲ್ಲ ಹತ್ತು ಸಲ ಒಗೆದ ಸೀರೆಯಂತೆ ಕಂಡಿತು. ಮೂರು ಸಾವಿರಕ್ಕೆ ಮಾರಿದೆ. ಮನೆಯಲ್ಲಿ ಆ ಲೆಕ್ಕ ಇನ್ನೂ ಮುಗಿದಿಲ್ಲ.

ದಾರಿ ತೋರಿಸಿದ್ದು ಒಂದೇ ಪುಸ್ತಕ. ಚೆನ್ನೈನ ಪ್ರಕಾಶನ ಸಂಸ್ಥೆ ತಾರಾ ಬುಕ್ಸ್ 2006ರಲ್ಲಿ ತಂದ 'ದ ನೈಟ್ ಲೈಫ್ ಆಫ್ ಟ್ರೀಸ್'. ಕಪ್ಪು ಕಾಗದ, ಕೈಯಲ್ಲೇ ಮಾಡಿದ ಸ್ಕ್ರೀನ್ ಪ್ರಿಂಟ್. ಬೆರಳಾಡಿಸಿದರೆ ಬಣ್ಣ ತಾಗುತ್ತದೆ. ಉಡುಪಿ ಕಡೆಯ ಅಜ್ಜಿಯೊಬ್ಬರು ಕನ್ನಡಕ ಮರೆತು ಬಂದಿದ್ದರು. ಪುಟವನ್ನು ಮೂಗಿನ ಹತ್ತಿರ ಹಿಡಿದು, ಎಲೆಗಳೊಳಗಿನ ಚುಕ್ಕಿ, ಗೆರೆ ನೋಡುತ್ತಾ ಹೋದರು. ಹಿಂದಿನ ಪುಟಕ್ಕೆ ಹೋಗಿ ಮತ್ತೆ ಬಂದರು. "ಇದು ಒಂದೇ ಕೈಯದ್ದಲ್ಲ ಮಾರಾಯ" ಅಂದರು. ಹೌದು, ಭಜ್ಜು ಶ್ಯಾಮ್, ದುರ್ಗಾ ಬಾಯಿ, ರಾಮ್ ಸಿಂಗ್ ಉರ್ವೇತಿ, ಗೊಂಡ ಬುಡಕಟ್ಟಿನ ಮೂವರು ಕಲಾವಿದರು! ಎರಡು ವರ್ಷದಿಂದ ಆ ಪುಸ್ತಕ ಇಟ್ಟುಕೊಂಡಿದ್ದ ನನ್ನ ಕಣ್ಣಿಗೇ ಅದು ಬಿದ್ದಿರಲಿಲ್ಲ.

ಅವತ್ತಿನಿಂದ ಮೊದಲ ಸುತ್ತಿನಲ್ಲಿ ಅಕ್ಷರಕ್ಕೆ ಕಾಗದದ ಪಟ್ಟಿ ಮುಚ್ಚಿಡುತ್ತೇನೆ. ಅಂಟು ಬೇಡ, ಕ್ಲಿಪ್ ಸಾಕು. ಒಂದು ಪುಸ್ತಕಕ್ಕೆ ಆರೇ ಜನ, ಪುಟಕ್ಕೆ ಒಂದು ನಿಮಿಷ. ಮಕ್ಕಳಿಗೆ "ಇದೇನು ಹೇಳು ನೋಡೋಣ" ಅಂತ ಕೇಳಿದ ದೊಡ್ಡವರು ಎಲ್ಲರಿಗೂ ಚಹಾ ಕೊಡಿಸಬೇಕು. ಓದುವುದು ಎರಡನೇ ಸುತ್ತಿನಲ್ಲಿ. ಮೂರನೆಯದಾಗಿ ಯಾವ ಪುಸ್ತಕ ತೆಗೆಯುತ್ತೇನೆ ಅನ್ನೋದು ಮಾತ್ರ ಹೇಳಲ್ಲ, ಜನ ಮತ್ತೆ ಬರುವುದೇ ಅದರಿಂದ.

ಖರ್ಚು ಜಾಸ್ತಿ ಇಲ್ಲ. ಮುಂಬೈನ ಮಾಟುಂಗಾದ ಫುಟ್‌ಪಾತಿನಲ್ಲಿ ಐವತ್ತು, ನೂರಕ್ಕೆ ಹಳೆಯವು ಸಿಕ್ಕಿವೆ. ಮಕ್ಕಳ ಕತೆಗಳ ಉಚಿತ ವೆಬ್‌ಸೈಟ್ ಸ್ಟೋರಿವೀವರ್‌ನ ಕನ್ನಡ ಕತೆಗಳನ್ನು ಕಲರ್ ಪ್ರಿಂಟ್ ಹಾಕಿಸಿಯೂ ನೋಡಿದೆ. ಹೊಳೆಯುವ ಕಾಗದ ಬೇಡ, ಟ್ಯೂಬ್‌ಲೈಟ್ ಬಿದ್ದು ಚಿತ್ರವೇ ಕಾಣಲ್ಲ.

ನಿಜವಾದ ನಷ್ಟ ಮಳೆಯದ್ದು. ಮೊದಲ ವರ್ಷ ಅಟ್ಟದಲ್ಲಿಟ್ಟ ಹದಿನೈದೋ ಇಪ್ಪತ್ತೋ ಪುಸ್ತಕಕ್ಕೆ ಬೂಷ್ಟು ಬಂತು. ಒಂದು ಟ್ರಂಕಿಗೆ ಬೇವಿನೆಲೆ, ಇನ್ನೊಂದಕ್ಕೆ ಚಪ್ಪಲಿ ಡಬ್ಬಿಯಲ್ಲಿ ಬರುವ, ತೇವ ಹೀರುವ ಸಿಲಿಕಾ ಪೊಟ್ಟಣ ಹಾಕಿ ಪರೀಕ್ಷಿಸಿದೆ. ಪೊಟ್ಟಣದ್ದೇ ಉಳಿಯಿತು. ಈಗ ಇಡೀ ಕಟ್ಟಡದವರು ಹೊಸ ಚಪ್ಪಲಿ ತಂದರೆ ಪೊಟ್ಟಣ ನಮ್ಮ ಮನೆಗೆ ಕಳಿಸುತ್ತಾರೆ.